ಗ್ರಂಥಾಲಯ ಬಾಡಿಗೆದಾರನಾಗಬಾರದು

ಇಂದು ಪದವಿ ಪಡೆಯುತ್ತಿರುವ ಪ್ರೀತಿಯ ವಿದ್ಯಾರ್ಥಿಗಳೇ,

ಇಂದು ನಿಮಗೆ ಪದವಿ ಪ್ರಮಾಣಪತ್ರ ಸಿಗುತ್ತದೆ. ಇದರ ಬೆನ್ನಿಗೇ ಇನ್ನೊಂದು ನಿಮ್ಮ ಕೈತಪ್ಪುತ್ತದೆ. ವಿಶ್ವವಿದ್ಯಾಲಯ ಕೊಟ್ಟ ಲಾಗಿನ್ ಸ್ವಲ್ಪ ದಿನಗಳಲ್ಲೇ ನಿಂತುಹೋಗುತ್ತದೆ. ಇಷ್ಟು ದಿನ ಹಾಸ್ಟೆಲಿನಲ್ಲಿ ಕುಳಿತೇ ಓದುತ್ತಿದ್ದ ಸಂಶೋಧನಾ ಲೇಖನವನ್ನು ನಾಳೆ ತೆರೆಯಹೊರಟರೆ ಹಣ ಕಟ್ಟಿ ಎನ್ನುತ್ತದೆ. ಖಾಸಗಿ ಶಾಲೆಯಲ್ಲಿ ಪಾಠ ಹೇಳಹೊರಟವರಿಗೆ, ಊರಿಗೆ ಮರಳಿ ಕೃಷಿಯಲ್ಲಿ ಹೊಸದೇನೋ ಮಾಡಬೇಕೆಂದಿರುವವರಿಗೆ, ಕೆಲಸ ಹುಡುಕುತ್ತಲೇ ಓದು ಮುಂದುವರಿಸುವವರಿಗೆ ಇದರ ಬಿಸಿ ಮೊದಲು ತಟ್ಟುತ್ತದೆ. ಗ್ರಂಥಾಲಯಗಳ ಮುಂದಿನ ದಾರಿಯ ಬಗ್ಗೆ ಮಾತಾಡಲು ನಾನು ಇಲ್ಲಿಂದಲೇ ಆರಂಭಿಸುತ್ತೇನೆ.

2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗಬೇಕು ಎಂಬುದು ಉದ್ದೇಶ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಯಾದಗಿರಿಯ ಸರ್ಕಾರಿ ಕಾಲೇಜಿನ ಹುಡುಗಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕನಿಗೂ ಒಂದೇ ಲೇಖನ ಸಿಗುವುದು ಸಣ್ಣ ಸಂಗತಿಯಲ್ಲ.

ಆದರೆ ಚಂದಾ ನಿಂತ ದಿನ ನಮ್ಮಲ್ಲಿ ಏನು ಉಳಿಯುತ್ತದೆ? ಅಚ್ಚಿನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಚಂದಾ ನಿಲ್ಲಿಸಿದರೂ ಹಳೆಯ ಸಂಚಿಕೆಗಳು ಬೈಂಡಾಗಿ ಕಪಾಟಿನಲ್ಲಿರುತ್ತಿದ್ದವು, ಇಪ್ಪತ್ತು ವರ್ಷ ಕಳೆದು ಬಂದವನಿಗೂ ಸಿಗುತ್ತಿದ್ದವು. ಈಗ ಒಪ್ಪಂದದಲ್ಲಿ ಬರೆದುಕೊಂಡಷ್ಟೇ ಉಳಿಯುವುದು. ಬಾಡಿಗೆ ಮನೆಗೆ ಎಷ್ಟು ಸುಣ್ಣ ಬಳಿದರೂ ಬಿಡು ಎಂದಾಗ ಬಿಡಲೇಬೇಕು. ನಮ್ಮ ಗ್ರಂಥಾಲಯಗಳು ಸದ್ದಿಲ್ಲದೆ ಬಾಡಿಗೆದಾರರಾಗುತ್ತಿವೆ ಎಂಬುದೇ ನನ್ನ ಆತಂಕ.

ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ, ಹಳೆಯ ಪುಸ್ತಕ ವಿಲೇವಾರಿ ಮಾಡಿದರಾಯಿತು ಎನ್ನುವವರಿದ್ದಾರೆ. ಅವರು ಕೃತಿಸ್ವಾಮ್ಯ ಕಾಯಿದೆಯನ್ನು ಒಮ್ಮೆ ನೋಡಲಿ. 2012ರ ತಿದ್ದುಪಡಿಯಂತೆ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಒಂದು ಕೃತಿಯ ವಿದ್ಯುನ್ಮಾನ ಪ್ರತಿ ಇಟ್ಟುಕೊಳ್ಳಬಹುದು. ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಅದರ ಬಳಿ ಮೊದಲೇ ಇರಬೇಕು. ಅಚ್ಚಿನ ಪುಸ್ತಕವನ್ನು ತೂಕಕ್ಕೆ ಹಾಕಿದರೆ ಅದನ್ನು ಡಿಜಿಟಲ್ ರೂಪದಲ್ಲಿ ಉಳಿಸಿಕೊಳ್ಳುವ ಹಕ್ಕಿನ ಬುಡಕ್ಕೇ ಕೊಡಲಿ ಬೀಳುತ್ತದೆ.

ಯಂತ್ರ ಕೈಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯೇ ಸಾಕ್ಷಿ. 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿ ನಡೆದು ಅದರ ಆನ್‌ಲೈನ್ ಸೇವೆಗಳೆಲ್ಲ ಕುಸಿದವು. ಮುಖ್ಯ ಕ್ಯಾಟಲಾಗ್ ಮತ್ತೆ ಕಣ್ಣಿಗೆ ಬಿದ್ದದ್ದು 2024ರ ಜನವರಿಯಲ್ಲಿ, ಅದೂ ಪೂರ್ಣ ರೂಪದಲ್ಲಲ್ಲ. ಪುಸ್ತಕಗಳು ಉಗ್ರಾಣದಲ್ಲಿ ಸುರಕ್ಷಿತವಾಗಿಯೇ ಇದ್ದವು. ಆದರೂ ಓದುಗರಿಗೆ ತರಿಸಿಕೊಳ್ಳುವುದು ಕಷ್ಟವಾಯಿತು.

ನಮ್ಮದೇ ಉದಾಹರಣೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆಲೆಯಿಂದ ನಡೆದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಲಕ್ಷಗಟ್ಟಲೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. ಅವುಗಳಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿದ್ದವು. ಮರುಮುದ್ರಣ ಕಾಣದ, ಯಾವ ಅಂಗಡಿಯಲ್ಲೂ ಸಿಗದ ಗ್ರಂಥಗಳನ್ನು ಎಷ್ಟೋ ಜನ ಮೊದಲು ಕಂಡದ್ದು ಅಲ್ಲೇ. ಮುಂದೊಂದು ದಿನ ಆ ಜಾಲತಾಣ ಮುಚ್ಚಿಹೋಯಿತು. ಅಷ್ಟು ಜನರ ಅಷ್ಟು ವರ್ಷಗಳ ದುಡಿಮೆ ನೀರುಪಾಲಾಗದೆ ಉಳಿದದ್ದು, ಕಾಳಜಿಯಿದ್ದವರು ಮೊದಲೇ ಪ್ರತಿ ಮಾಡಿಟ್ಟಿದ್ದರಿಂದ. ಆ ಪ್ರತಿಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಕನ್ನಡದ ಹಳೆಯ ಪುಸ್ತಕ ಓದಲು ಹೊರದೇಶದ ಸಂಸ್ಥೆಯೊಂದರ ಬಾಗಿಲಿಗೆ ಹೋಗುತ್ತಿದ್ದೇವೆ. ಆ ಸಂಸ್ಥೆಗೆ ನಾನು ಋಣಿ. ಆದರೆ ಆ ಪ್ರತಿಗಳು ನಮ್ಮ ಒಂದೊಂದು ವಿಶ್ವವಿದ್ಯಾಲಯದಲ್ಲೂ ಏಕಿರಬಾರದು ಎಂದು ಕೇಳದಿರಲಾರೆ.

ಪ್ರತಿ ಹೆಚ್ಚಿದಷ್ಟೂ ಪುಸ್ತಕಕ್ಕೆ ಆಯುಸ್ಸು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ ಇದೇ ತತ್ವದ ಮೇಲೆ ‘ಲಾಕ್ಸ್’ ಎಂಬ ವ್ಯವಸ್ಥೆ ಕಟ್ಟಿತು. ಹಲವು ಗ್ರಂಥಾಲಯಗಳು ಒಂದೇ ಡಿಜಿಟಲ್ ಕೃತಿಯ ಪ್ರತಿಗಳನ್ನು ತಂತಮ್ಮಲ್ಲಿ ಇಟ್ಟುಕೊಂಡು, ಒಂದಕ್ಕೊಂದು ತಾಳೆ ನೋಡಿ, ಕೆಟ್ಟದ್ದನ್ನು ಸರಿಪಡಿಸಿಕೊಳ್ಳುತ್ತವೆ. ನಮಗೆ ಇದು ಹೊಸ ವಿದ್ಯೆಯಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಓಲೆಗರಿ ಗೆದ್ದಲಿಗೆ ತುತ್ತಾಗಬಹುದು, ಬೆಂಕಿಗೆ ಸಿಗಬಹುದು ಎಂಬುದನ್ನು ಆಕೆಯ ಕಾಲದವರು ಕಣ್ಣಾರೆ ಕಂಡಿದ್ದರು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಯುಜಿಸಿಯ ನಿಯಮದಿಂದಾಗಿ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಆನ್‌ಲೈನ್ ಭಂಡಾರ ಸೇರುತ್ತಿವೆ, ಯಾರು ಬೇಕಾದರೂ ಓದಬಹುದು. ಆದರೆ ಹಳೆಯ ಕನ್ನಡ ಕಡತಗಳಲ್ಲಿ ಕೆಲವು ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು. ಇನ್ನು ಕೆಲವನ್ನು ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಟೈಪ್ ಮಾಡಲಾಗಿದೆ. ಪರದೆಯ ಮೇಲೆ ಕಾಣುವುದು ಕನ್ನಡವೇ, ಆದರೆ ಯಂತ್ರದೊಳಗೆ ಇರುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಮೂಡಲಪಾಯ ಯಕ್ಷಗಾನದ ಬಗ್ಗೆ ಒಬ್ಬರು ಊರೂರು ತಿರುಗಿ ಬರೆದ ಪ್ರಬಂಧ ಅಲ್ಲೇ ಇದ್ದರೂ, ‘ಮೂಡಲಪಾಯ’ ಎಂದು ಹುಡುಕಿದವರಿಗೆ ಸಿಗುವುದಿಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಆರಂಭಿಸಿದ ‘ಪ್ರಬುದ್ಧ ಕರ್ನಾಟಕ’ದ ಸಂಚಿಕೆಗಳನ್ನು ಪದ ಪದವೂ ಹುಡುಕಲು ಬರುವಂತೆ ಮಾಡುವ ಕೆಲಸಕ್ಕೆ ಯಾವ ದೊಡ್ಡ ಪ್ರಕಾಶನ ಸಂಸ್ಥೆಯೂ ಕೈಹಾಕುವುದಿಲ್ಲ, ಅದರಲ್ಲಿ ಅವರಿಗೆ ಲಾಭವಿಲ್ಲ. ಅದನ್ನು ಮಾಡಬೇಕಾದವರು ನಾವೇ. ಹೀಗೆ ಹುಡುಕಿದ್ದು ಸಿಗದಿದ್ದಾಗ ಇಂದು ಎಲ್ಲರೂ ಕೃತಕ ಬುದ್ಧಿಮತ್ತೆಯನ್ನು ಪ್ರಶ್ನೆ ಕೇಳುತ್ತಾರೆ. ಅದು ಒಮ್ಮೊಮ್ಮೆ ಇಲ್ಲದ ಪುಸ್ತಕದ ಹೆಸರನ್ನೂ ಧೈರ್ಯವಾಗಿ ಹೇಳಿಬಿಡುತ್ತದೆ. ಪುಸ್ತಕ ನಿಜಕ್ಕೂ ಇದೆಯೇ ಎಂದು ನೋಡಲು ಗ್ರಂಥಾಲಯಕ್ಕೇ ಬರಬೇಕು.

ಬಂದವರಿಗೆ ಅಲ್ಲಿ ತಿಳಿದವರೊಬ್ಬರು ಸಿಗಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ಕೊಟ್ಟಾಗ ಅಲ್ಲಿ ಗ್ರಂಥಪಾಲಕರಾಗಿದ್ದವರು ಆರ್. ಶಾಮಶಾಸ್ತ್ರಿ. ಅವರು ಅದನ್ನು ಎಣಿಸಿ ಕಪಾಟಿಗೆ ಸೇರಿಸಿ ಸುಮ್ಮನಾಗಲಿಲ್ಲ, ಗ್ರಂಥಲಿಪಿಯ ಆ ಬರಹವನ್ನು ಓದಿದರು. 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಾಗಿ ಹೊರಬಂತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗೆಗಿನ ತಿಳಿವಳಿಕೆಯೇ ಬದಲಾಯಿತು. ಇಂದು ಗ್ರಂಥಪಾಲಕರ ಹುದ್ದೆ ಖಾಲಿಯಿರುವ ಕಾಲೇಜುಗಳು ನಮ್ಮಲ್ಲಿವೆ. ಕಂಪ್ಯೂಟರ್ ಬಂತಲ್ಲ, ಆ ಹುದ್ದೆ ಏಕೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಶಾಮಶಾಸ್ತ್ರಿಗಳ ನೆನಪಾಗುತ್ತದೆ.

ಪಿಎಚ್.ಡಿ. ಪಡೆದವರೇ, ನಿಮ್ಮ ಪ್ರಬಂಧದ ಯೂನಿಕೋಡ್ ಪ್ರತಿಯೊಂದನ್ನು ಇಲ್ಲಿಂದ ಹೊರಡುವ ಮುನ್ನ ಗ್ರಂಥಾಲಯಕ್ಕೆ ಕೊಡಿ. ಕ್ಷೇತ್ರಕಾರ್ಯದ ಧ್ವನಿಮುದ್ರಣ, ಛಾಯಾಚಿತ್ರಗಳು ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಕೊಳೆಯುವುದು ಬೇಡ, ಹಾಡಿದವರ, ಮಾತಾಡಿದವರ ಒಪ್ಪಿಗೆ ಪಡೆದು ಅವನ್ನೂ ಕೊಡಿ. ಉಳಿದವರು ನಿಮ್ಮ ಮನೆಯ ಅಟ್ಟ ನೋಡಿ. ಅಜ್ಜ-ಅಜ್ಜಿಯರ ಕಾಲದ ಪತ್ರಿಕೆ, ಕೈಬರಹದ ಹಾಡಿನ ಪುಸ್ತಕ, ಯಕ್ಷಗಾನ ಪ್ರಸಂಗ ಸಿಕ್ಕಿದರೆ ರದ್ದಿಗೆ ಹಾಕುವ ಮುಂಚೆ ಒಬ್ಬ ಗ್ರಂಥಪಾಲಕರಿಗೆ ತೋರಿಸಿ.

ಕುಲಪತಿಗಳೇ, ನಿಮ್ಮಲ್ಲೂ ಒಂದು ಕೋರಿಕೆ. ಇಂದು ಪದವಿ ಪಡೆಯುವ ಪ್ರತಿಯೊಬ್ಬರಿಗೂ ಗ್ರಂಥಾಲಯದ ಆಜೀವ ಸದಸ್ಯತ್ವದ ಕಾರ್ಡ್ ಕೊಡಿ. ಪ್ರಕಾಶಕರ ಜೊತೆ ಮುಂದಿನ ಒಪ್ಪಂದಕ್ಕೆ ಸಹಿ ಹಾಕುವಾಗ, ಗ್ರಂಥಾಲಯಕ್ಕೆ ನಡೆದು ಬಂದ ಯಾರೇ ಆಗಲಿ ಅಲ್ಲಿನ ಕಂಪ್ಯೂಟರಿನಲ್ಲಿ ಓದಬಹುದು, ಚಂದಾ ನಿಂತರೂ ಹಣ ಕೊಟ್ಟ ವರ್ಷಗಳ ಸಂಚಿಕೆಗಳು ನಮ್ಮಲ್ಲೇ ಇರುತ್ತವೆ ಎಂಬ ಎರಡು ಷರತ್ತುಗಳನ್ನು ಬರೆಸಿ. ಕೇಳಿದರೆ ಪ್ರಕಾಶಕರು ತಕ್ಷಣ ಒಪ್ಪಲಿಕ್ಕಿಲ್ಲ. ಆದರೆ ರಾಜ್ಯದ ವಿಶ್ವವಿದ್ಯಾಲಯಗಳೆಲ್ಲ ಒಟ್ಟಾಗಿ ಕೇಳಿದರೆ ಅವರು ಮಾತುಕತೆಗೆ ಕೂರಲೇಬೇಕಾಗುತ್ತದೆ.