ಕೈಹಿಡಿದು ನಡೆಸುವ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾವು ಇಲ್ಲಿ ಓದುವಾಗ ‘ಟುಟೋರಿಯಲ್’ ಎಂದರೆ ಒಂದೇ ಅರ್ಥ: ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೋ ಇಂಗ್ಲಿಷೋ ಹೋದವರು ಬಸ್ಸು ಹತ್ತಿ ಪೇಟೆಗೆ ಹೋಗುವ ಜಾಗ. ನನ್ನ ಬೆಂಚಿನ ಗೆಳೆಯ ಗಣಿತದಲ್ಲಿ ಫೇಲಾದ. ‘ಟುಟೋರಿಯಲ್‌ಗೆ ಹೋದರೆ ಊರವರು ಏನಂತಾರೋ’ ಎಂದು ಹೋಗಲೇ ಇಲ್ಲ. ಓದು ಅಲ್ಲಿಗೇ ನಿಂತಿತು.

ನಾನು ಪಾಸಾಗಿ, ಮುಂದೆ ಬಿ.ಇ. ಸೇರಿದೆ. ಮೊದಲ ವರ್ಷ ಸಿ ಪ್ರೋಗ್ರಾಮಿಂಗ್‌ನಲ್ಲಿ ನಾನೂ ಫೇಲಾದೆ. ಮನೆಯಲ್ಲಿ ಹೇಳಿರಲಿಲ್ಲ, ಅಪ್ಪ ಇವತ್ತೇ ಮೊದಲು ಕೇಳುತ್ತಿರುವುದು! ಕನ್ನಡ ಮಾಧ್ಯಮದಿಂದ ಹೋದ ನನಗೆ ತರಗತಿಯ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಕಂಪ್ಯೂಟರ್ ನನಗಲ್ಲ, ಊರಿಗೆ ಮರಳೋಣ ಎಂದುಕೊಂಡಿದ್ದೆ.

ಆಗ ಗ್ರಂಥಾಲಯದಲ್ಲಿ ಒಂದು ಪುಸ್ತಕ ಸಿಕ್ಕಿತು. ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ, ಬ್ರಯಾನ್ ಕರ್ನಿಘನ್ ಜೊತೆ ಸೇರಿ ಬರೆದದ್ದು. ಮೊದಲ ಮುದ್ರಣ 1978ರದು. ಅದರ ಮೊದಲ ಅಧ್ಯಾಯದ ಹೆಸರಿನಲ್ಲೇ ‘ಟುಟೋರಿಯಲ್’ ಎಂಬ ಪದವಿತ್ತು. ಅಲ್ಲಿ ವ್ಯಾಖ್ಯೆಗಳ ರಾಶಿ ಇಲ್ಲ. ಪರದೆಯ ಮೇಲೆ ‘ಹಲೋ, ವರ್ಲ್ಡ್’ ಎಂದು ಮೂಡಿಸುವ ನಾಲ್ಕಾರು ಸಾಲು, ಅಷ್ಟೇ. ಟೈಪ್ ಮಾಡಿದೆ, ಮೂಡಿತು. ಮುಂದಿನದು ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ಬದಲಿಸುವ ಪ್ರೋಗ್ರಾಂ. ಆ ಸೂತ್ರವನ್ನು ಇದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಕಲಿಸಿದ್ದರು. ಗೊತ್ತಿದ್ದದ್ದರ ಕೈಹಿಡಿದು ಗೊತ್ತಿಲ್ಲದ್ದು ನಡೆದು ಬಂತು.

ಟುಟೋರಿಯಲ್ ಎಂದರೆ ಇದು. ನಿಘಂಟಿನಲ್ಲಿ ಎಲ್ಲ ಪದಗಳೂ ಇವೆ, ಆದರೆ ಮಗು ಮಾತು ಕಲಿಯುವುದು ನಿಘಂಟಿನಿಂದಲ್ಲ. ಟುಟೋರಿಯಲ್ ಎಲ್ಲವನ್ನೂ ಹೇಳುವುದಿಲ್ಲ. ಒಂದು ಸಣ್ಣ ಕೆಲಸ ಕೊಡುತ್ತದೆ, ಹೆಜ್ಜೆಹೆಜ್ಜೆಯಾಗಿ ಮಾಡಿಸುತ್ತದೆ, ಪ್ರತಿ ಹೆಜ್ಜೆಯಲ್ಲೂ ‘ಈಗ ನಿನಗೆ ಹೀಗೆ ಕಾಣಬೇಕು’ ಎಂದು ತೋರಿಸುತ್ತದೆ. ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ. ಎಷ್ಟು ಸಲ ಕೇಳಿದರೂ ರೇಗುವುದಿಲ್ಲ.

ಮಕ್ಕಳೇ, ಒಂದು ಎಚ್ಚರ. ದಡದಲ್ಲಿ ಕುಳಿತು ನೋಡಿದರೆ ಈಜು ಬರುವುದಿಲ್ಲ. ವಿಡಿಯೋ ನೋಡುವಾಗ ಎಲ್ಲವೂ ಅರ್ಥವಾದಂತೆ ಅನ್ನಿಸುತ್ತದೆ. ನಿಲ್ಲಿಸಿ, ಕೈಯಾರೆ ಮಾಡಿ. ಕೊನೆಗೆ ಅದನ್ನು ಮುಚ್ಚಿಟ್ಟು ಇನ್ನೊಮ್ಮೆ ಮಾಡಿ. ಐಐಟಿ ಬಾಂಬೆಯ ‘ಸ್ಪೋಕನ್ ಟುಟೋರಿಯಲ್’ ಯೋಜನೆಯವರು ಸುಮಾರು 10 ನಿಮಿಷದ ಪಾಠಗಳನ್ನು ಮಾಡಿದ್ದಾರೆ. ಪರದೆಯ ಒಂದು ಬದಿಗೆ ಪಾಠ, ಇನ್ನೊಂದು ಬದಿಗೆ ನಮ್ಮ ಅಭ್ಯಾಸ. ಹಲವು ಪಾಠಗಳು ಕನ್ನಡದಲ್ಲೂ ಇವೆ, ಉಚಿತವಾಗಿ.

ನನ್ನ ಆ ಗೆಳೆಯ ಈಗ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುತ್ತಾನೆ. ಕಲಿತದ್ದು ಮೊಬೈಲಿನ ವಿಡಿಯೋ ನೋಡಿ. ಒಂದು ಹೆಜ್ಜೆ ನೋಡುವುದು, ನಿಲ್ಲಿಸುವುದು, ಹಳೆಯ ಮೋಟರ್ ಮೇಲೆ ಮಾಡುವುದು. ಗಣಿತದಲ್ಲಿ ಫೇಲಾದವನು ಇಂದು ತಂತಿಯ ಸುತ್ತುಗಳ ಲೆಕ್ಕ ತಪ್ಪುವುದಿಲ್ಲ. ಅವನಿಗೆ ತಲೆ ಇರಲಿಲ್ಲವೇ? ಇತ್ತು. ಅವನ ಹೆಜ್ಜೆಗೆ ತಕ್ಕ ಪಾಠ ಸಿಕ್ಕಿರಲಿಲ್ಲ.

ನಮ್ಮ ಕೆಲಸದಲ್ಲಿ ಟುಟೋರಿಯಲ್ ಬರೆದ ಮೇಲೆ ಹೊಸಬರ ಕೈಗೆ ಕೊಡುತ್ತೇವೆ. ಅವರು ನಾಲ್ಕನೇ ಹೆಜ್ಜೆಯಲ್ಲಿ ನಿಂತರೆ ಅವರನ್ನು ದಡ್ಡರೆನ್ನುವುದಿಲ್ಲ, ನಾಲ್ಕನೇ ಹೆಜ್ಜೆಯನ್ನು ತಿದ್ದುತ್ತೇವೆ. ಈ ಒಂದು ಅಭ್ಯಾಸ ಮನೆಗೂ ಶಾಲೆಗೂ ಬಂದರೆ ಸಾಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ: ನಿಮಗೆ ಬರುವ ಒಂದು ಕೆಲಸವನ್ನು, ಕಸಿ ಕಟ್ಟುವುದಿರಲಿ, ಬ್ಯಾಂಕಿನ ಅರ್ಜಿ ತುಂಬುವುದಿರಲಿ, ಹೆಜ್ಜೆಹೆಜ್ಜೆಯಾಗಿ ಕನ್ನಡದಲ್ಲಿ ಬರೆದು ಶಾಲೆಗೆ ಕೊಡಿ. ಎಂಟನೇ ತರಗತಿಯ ಮಗುವೊಂದು ಅದನ್ನು ಓದಿ ಮಾಡಿ ನೋಡಲಿ. ಮೊದಲನೆಯದನ್ನು ನಾನು ಬರೆದು ತಂದಿದ್ದೇನೆ, ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇನೆ.