ಸಾಂ ದೆನಿಯಲ್ಲಿ ಎರಡು ದಿನ

ಪ್ಯಾರಿಸ್ಸಿಗೆ ಹೋಗಿಬಂದವರು ನಮ್ಮಲ್ಲಿ ಈಗ ವಿರಳರಲ್ಲ. ಹೊರಡುವ ಮುನ್ನ ಅವರು ಬರೆದುಕೊಳ್ಳುವ ಪಟ್ಟಿಯನ್ನು ನಾನು ಬಲ್ಲೆ. ನಾನೂ ಅಂಥದೊಂದನ್ನು ಬರೆದುಕೊಂಡಿದ್ದೆ. ಐಫೆಲ್ ಗೋಪುರ, ಲೂವ್ರ್ ವಸ್ತುಸಂಗ್ರಹಾಲಯ, ವರ್ಸಾಯ್ ಅರಮನೆ ಇತ್ಯಾದಿಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ ‘ಸಮಯ ಉಳಿದರೆ’ ಎಂಬ ಷರಾದೊಡನೆ ಒಂದು ಹೆಸರಿತ್ತು: ಸಾಂ ದೆನಿ. ಇಂದಿನ ನನ್ನ ಮಾತು ಆ ಷರಾವನ್ನು ಕುರಿತದ್ದು.

ಸಾಂ ದೆನಿ ಪ್ಯಾರಿಸ್ಸಿನ ಉತ್ತರದ ಅಂಚಿಗೆ ಅಂಟಿಕೊಂಡಿರುವ ಊರು. ಫ್ರಾನ್ಸಿನ ಅರಸರಲ್ಲಿ ಬಹುತೇಕರನ್ನು ಸಮಾಧಿ ಮಾಡಿದ್ದು ಅಲ್ಲಿಯ ಬೆಸಿಲಿಕಾದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸುಜೇರ್ ಎಂಬ ಮಠಾಧಿಪತಿಯಿದ್ದ. ದೇವರ ಮನೆಗೆ ಬೆಳಕು ಬರಬೇಕೆಂಬುದು ಅವನ ಹಂಬಲ. ದಪ್ಪ ಗೋಡೆಗಳ ಬದಲು ಕಮಾನುಗಳ ಮೇಲೆ ಭಾರ ಹೊರಿಸಿ, ನಡುವಿನ ಜಾಗವನ್ನೆಲ್ಲ ಬಣ್ಣದ ಗಾಜಿಗೆ ಬಿಟ್ಟುಕೊಟ್ಟ. 1144ರಲ್ಲಿ ಪ್ರತಿಷ್ಠೆಯಾದ ಆ ಗರ್ಭಭಾಗವೇ ಗಾಥಿಕ್ ವಾಸ್ತುಶೈಲಿಯ ಉಗಮಸ್ಥಾನವೆಂದು ಕಲಾಚರಿತ್ರಕಾರರು ಹೇಳುತ್ತಾರೆ.

ಮೊದಲ ಸಲ ನಾವು ದಂಪತಿಗಳು ಅಲ್ಲಿಗೆ ಹೋದದ್ದು ಒಂದು ಶುಕ್ರವಾರ. ಹಿಂದಿನ ರಾತ್ರಿ ಹಿತೈಷಿಯೊಬ್ಬರು ಎಚ್ಚರಿಸಿದ್ದರು: “ಅದು ಕೂಲಿಕಾರರ, ವಲಸೆಗಾರರ ಪೇಟೆ. ಬೆಸಿಲಿಕಾ ನೋಡಿಕೊಂಡು ತಿರುಗಿ ನೋಡದೆ ಬಂದುಬಿಡಿ.” ನಾನು ವಿಧೇಯ ವಿದ್ಯಾರ್ಥಿಯಂತೆ ಹಾಗೆಯೇ ಮಾಡಿದೆ. ಸಮಾಧಿಗಳನ್ನು ನೋಡಿ, ಕೈಚೀಲವನ್ನು ಎದೆಗವಚಿಕೊಂಡು, ಸಂತೆಯ ಗದ್ದಲವನ್ನು ಬಳಸಿಕೊಂಡು ಮೆಟ್ರೋ ನಿಲ್ದಾಣ ಸೇರಿದೆ. ರೈಲು ಹೊರಟ ಮೇಲೆ ನನ್ನಾಕೆ ಮೆಲ್ಲಗೆ ಹೇಳಿದಳು: “ಸತ್ತವರನ್ನೆಲ್ಲ ನೋಡಿದ್ದಾಯಿತು. ಬದುಕಿರುವವರನ್ನು ನೋಡಲೇ ಇಲ್ಲವಲ್ಲ!”

ಜೀವಮಾನವಿಡೀ ತರಗತಿಯಲ್ಲಿ ಮಾನವಧರ್ಮವನ್ನು ಬೋಧಿಸಿದವನಿಗೆ ಆ ಮಾತು ಚುಚ್ಚದಿದ್ದೀತೆ? ಎರಡನೆಯ ಸಲ ಹೋದಾಗ ನಾವು ಪಟ್ಟಿಯನ್ನು ತಲೆಕೆಳಗು ಮಾಡಿದೆವು. ಒಂದು ಶನಿವಾರ, ಒಂದು ಭಾನುವಾರ, ನಡುವೆ ಅಲ್ಲಿಯೇ ಒಂದು ರಾತ್ರಿಯ ವಾಸ. ಹೋಗಬಯಸುವವರಿಗೆ ಅನುಕೂಲವಾಗಲೆಂದು ಆ ಯೋಜನೆಯನ್ನು ಇಲ್ಲಿ ಹೇಳುತ್ತೇನೆ.

ಹದಿಮೂರನೆಯ ಸಂಖ್ಯೆಯ ಮೆಟ್ರೋ ನೇರವಾಗಿ ಬೆಸಿಲಿಕಾದ ಸಮೀಪಕ್ಕೇ ಒಯ್ಯುತ್ತದೆ. ಆದರೆ ಆ ಮಾರ್ಗ ನಡುವೆ ಕವಲೊಡೆಯುವುದರಿಂದ, ಬಂದ ರೈಲಿನ ಫಲಕವನ್ನು ಓದದೆ ಹತ್ತಬಾರದು. ಕಾಲು ಗಟ್ಟಿಯಿರುವವರು ಪ್ಯಾರಿಸ್ಸಿನ ಲಾ ವಿಲೆತ್‌ನಿಂದ ಕಾಲುವೆಯ ದಂಡೆ ಹಿಡಿದು ನಡೆದೇ ಬರಬಹುದು. 1821ರಲ್ಲಿ ತೆರೆದ ಆ ಕಾಲುವೆ ಸುಮಾರು ಆರೂವರೆ ಕಿಲೋಮೀಟರು ಹರಿದು ಸೇನ್ ನದಿಯನ್ನು ಸೇರುತ್ತದೆ. ಕಲ್ಲಿದ್ದಲು ಹೊತ್ತ ದೋಣಿಗಳೂ ಕಾರ್ಖಾನೆಗಳೂ ಈ ಊರನ್ನು ಅರಸರ ಊರಿನಿಂದ ದುಡಿಮೆಗಾರರ ಊರಾಗಿ ಮಾಡಿದ ಕಥೆ ಆ ದಂಡೆಯಲ್ಲಿ ನಡೆದರೆ ತಾನಾಗಿ ತಿಳಿಯುತ್ತದೆ. ದಾರಿಯಲ್ಲೇ ಎದುರಾಗುವ ಬೃಹತ್ ಕ್ರೀಡಾಂಗಣದಲ್ಲಿ 1998ರಲ್ಲಿ ಫ್ರಾನ್ಸ್ ವಿಶ್ವಕಪ್ ಫುಟ್‌ಬಾಲನ್ನು ಗೆದ್ದಿತು. ಅಂದು ಎರಡು ಗೋಲು ಹೊಡೆದ ಜಿದಾನ್, ಅಲ್ಜೀರಿಯದಿಂದ ವಲಸೆ ಬಂದ ತಂದೆತಾಯಿಗಳ ಮಗ.

ಶನಿವಾರದ ಮಧ್ಯಾಹ್ನ ವಸ್ತುಸಂಗ್ರಹಾಲಯಕ್ಕೆ ಮೀಸಲು. ಅದು ಹಿಂದೆ ಕಾರ್ಮೆಲೈಟ್ ಸನ್ಯಾಸಿನಿಯರ ಮಠ. ಹದಿನೈದನೆಯ ಲೂಯಿಯ ಮಗಳು ಅರಮನೆಯನ್ನು ತೊರೆದು 1770ರಲ್ಲಿ ಬಂದು ಸೇರಿದ್ದು ಇಲ್ಲಿಗೇ. ಅದೇ ಕಟ್ಟಡದಲ್ಲಿ ಇಂದು 1871ರ ಪ್ಯಾರಿಸ್ ಕಮ್ಯೂನಿನ ಬಂಡಾಯದ ದಾಖಲೆಗಳಿವೆ. ಇದೇ ಊರಿನಲ್ಲಿ 1895ರಲ್ಲಿ ಹುಟ್ಟಿದ ಕವಿ ಪೋಲ್ ಎಲುವಾರನ ನೆನಪಿನ ವಸ್ತುಗಳಿವೆ. ಸ್ವಾತಂತ್ರ್ಯವನ್ನು ಕುರಿತ ಅವನ ಕವಿತೆಯ ಪ್ರತಿಗಳನ್ನು ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಂದ ಫ್ರಾನ್ಸಿನ ಮೇಲೆ ಸುರಿದಿದ್ದರು. ರಾಜಪುತ್ರಿ, ಬಂಡಾಯಗಾರರು, ಕವಿ, ಮೂವರೂ ಒಂದೇ ಸೂರಿನಡಿ!

ಭಾನುವಾರ ಬೆಳಿಗ್ಗೆ ಸಂತೆ. ಮಂಗಳವಾರ, ಶುಕ್ರವಾರಗಳಲ್ಲೂ ಅದು ಸೇರುತ್ತದೆ. ಪುದೀನದ ಕಂತೆಗಳು, ಆಲಿವ್ ತುಂಬಿದ ಬೋಗುಣಿಗಳು, ಬಾಳೆಕಾಯಿ, ಬಟ್ಟೆಬರೆ. ಅರಬ್ಬೀ ಮಾತು, ಆಫ್ರಿಕದ ಮಾತು, ಫ್ರೆಂಚಿನಲ್ಲೇ ಚೌಕಾಸಿ. ನನ್ನಾಕೆ ಕೊತ್ತಂಬರಿ ಸೊಪ್ಪನ್ನು ಮೂಸಿ ನೋಡಿದ್ದನ್ನು ಕಂಡು ಮಾರುವ ಮುದುಕಿ ನಕ್ಕು ಇನ್ನೊಂದು ಹಿಡಿ ಸೇರಿಸಿದಳು. ಇಬ್ಬರಿಗೂ ಸಮಾನವಾದ ಭಾಷೆಯೊಂದಿರಲಿಲ್ಲ. ಅದರ ಕೊರತೆಯೂ ಕಾಣಲಿಲ್ಲ. ಜೇಬಿನ ಮೇಲೆ ಗಮನವಿರಬೇಕೆಂಬುದು ದಿಟ. ಆದರೆ ನಮ್ಮ ಮೆಜೆಸ್ಟಿಕ್ಕಿನಲ್ಲಿ ತೋರುವಷ್ಟು ಎಚ್ಚರ ಅಲ್ಲಿಯೂ ಸಾಕು.

ಭಾನುವಾರ ಬೆಳಿಗ್ಗೆ ಬೆಸಿಲಿಕಾದಲ್ಲಿ ಪೂಜೆ ನಡೆಯುವುದರಿಂದ ಸಮಾಧಿಗಳ ಭಾಗ ತೆರೆಯುವುದು ಮಧ್ಯಾಹ್ನಕ್ಕೆ. ಈ ಕ್ರಮವೇ ನಮಗೆ ಉಪಕಾರವಾಯಿತು. ಎಪ್ಪತ್ತಕ್ಕೂ ಮೀರಿದ ಶಿಲಾಮೂರ್ತಿಗಳು ಅಲ್ಲಿ ಅಂಗಾತ ಮಲಗಿವೆ. ಹನ್ನೆರಡನೆಯ ಲೂಯಿ ಮತ್ತು ಅವನ ರಾಣಿಯ ಸಮಾಧಿಯ ಮೇಲ್ಭಾಗದಲ್ಲಿ ಇಬ್ಬರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾರೆ. ಕೆಳಗೆ ಅವರೇ ಬೆತ್ತಲೆ ಶವಗಳಾಗಿ ಬಿದ್ದಿದ್ದಾರೆ. 1793ರಲ್ಲಿ ಕ್ರಾಂತಿಕಾರರು ಗೋರಿಗಳನ್ನು ಅಗೆದು ಅರಸರ ಮೂಳೆಗಳನ್ನು ಹೊರಗಿನ ಹೊಂಡಗಳಿಗೆ ಎಸೆದರು. 1817ರಲ್ಲಿ ಅವನ್ನು ಮರಳಿ ತಂದಾಗ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಎಲ್ಲವನ್ನೂ ನೆಲಮಾಳಿಗೆಯಲ್ಲಿ ಒಟ್ಟಾಗಿ ಇರಿಸಿದರು.

ಮೊದಲ ಸಲವೂ ನಾನು ಇದನ್ನೆಲ್ಲ ನೋಡಿದ್ದೆ. ಅಂದು ಅದು ಚರಿತ್ರೆಯಾಗಿತ್ತು. ಸಂತೆಯಿಂದ ಬಂದು, ಬೆರಳಲ್ಲಿ ಕೊತ್ತಂಬರಿಯ ವಾಸನೆ ಇನ್ನೂ ಆರದಿರುವಾಗ ನೋಡಿದರೆ, ಆ ಕಲ್ಲಿನ ಮುಖಗಳು ನಮ್ಮ ನಿಮ್ಮಂಥವರ ಮುಖಗಳೆನಿಸಿದವು. ನಾವು ಕುಳಿತೆವು. ಗಾಜಿನ ಬಣ್ಣ ಕಂಬದಿಂದ ಇಳಿದು ನೆಲದ ಮೇಲೆ ನಿಧಾನವಾಗಿ ಸರಿಯಿತು. ಯಾವ ಪಟ್ಟಿಯೂ ನಮ್ಮನ್ನು ಎಬ್ಬಿಸಲಿಲ್ಲ.

ಬಿರುಗಾಳಿಗಳಿಂದ ಶಿಥಿಲವಾಗಿ, 1846ರಲ್ಲಿ ಬಿಚ್ಚತೊಡಗಿದ ಬೆಸಿಲಿಕಾದ ಉತ್ತರ ಗೋಪುರವನ್ನು ಮತ್ತೆ ಕಟ್ಟುವ ಕೆಲಸ 2025ರಲ್ಲಿ ಆರಂಭವಾಗಿದೆ. ಅದನ್ನು ನೋಡಲು ಹೋಗುವವರು ಅಗತ್ಯವಾಗಿ ಹೋಗಲಿ. ಆದರೆ ‘ಸಮಯ ಉಳಿದರೆ’ ಎಂಬ ಷರಾವನ್ನು ಮಾತ್ರ ಮೊದಲೇ ಹೊಡೆದುಹಾಕಲಿ. ಹೋಗುವ ದಿನ ಸಂತೆಯ ದಿನವೇ ಎಂದು ನೋಡಿಕೊಳ್ಳಲಿ.