ಎಂಟನೆಯ ತರಗತಿಯ ಹಾಜರಿ ಪುಸ್ತಕ



ಹತ್ತನೆಯ ತರಗತಿಯ ಕೊನೆಯ ದಿನಗಳು ಹೇಗಿರುತ್ತವೆ ಎಂಬುದು ನಿಮಗೆ ಗೊತ್ತು. ಬೀಳ್ಕೊಡುಗೆ ಸಮಾರಂಭ ನಡೆಯುತ್ತದೆ. ಶಾಲೆಯ ಮುಂದೆ ಬೆಂಚುಗಳನ್ನು ಸಾಲಾಗಿ ಹಾಕಿ ಗ್ರೂಪ್ ಫೋಟೋ ತೆಗೆಸುತ್ತಾರೆ. ಮೇಷ್ಟರುಗಳು ಕುರ್ಚಿಯ ಮೇಲೆ, ಗಿಡ್ಡ ಮಕ್ಕಳು ನೆಲದ ಮೇಲೆ, ಎತ್ತರದವರು ಹಿಂದಿನ ಬೆಂಚಿನ ಮೇಲೆ. ಆಮೇಲೆ ಒಬ್ಬೊಬ್ಬರೂ ಮಾತನಾಡುತ್ತಾರೆ. ಮೊದಲ ದಿನದ ಅಳುಕು, ಗಣಿತದ ಭಯ, ಕಬಡ್ಡಿಯಲ್ಲಿ ಗೆದ್ದದ್ದು, ಪ್ರವಾಸದ ಬಸ್ಸಿನಲ್ಲಿ ಹಾಡಿದ್ದು ಎಲ್ಲವೂ ನೆನಪಾಗುತ್ತದೆ. ಇದು ಸಹಜ, ಬೇಕಾದದ್ದೂ ಹೌದು. ಆದರೆ ಹೀಗೆ ಹಿಂತಿರುಗಿ ನೋಡುವಾಗ ನಾವು ಸಾಮಾನ್ಯವಾಗಿ ಮರೆಯುವ ಒಂದು ವಿಷಯವನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ನಾನು ಪಾಠ ಹೇಳಿದ್ದು ತುಮಕೂರು ರಸ್ತೆಯ ಮಾಕಳಿಯ ಆಸುಪಾಸಿನಲ್ಲಿ. ಬೆಂಗಳೂರಿನಿಂದ ನೆಲಮಂಗಲದ ಕಡೆಗೆ ಹೊರಟರೆ ಪೀಣ್ಯದ ಕೈಗಾರಿಕಾ ಪ್ರದೇಶ ದಾಟಿ, ಮಾದಾವರ ದಾಟಿದ ಮೇಲೆ ಮಾಕಳಿ ಸಿಗುತ್ತದೆ. ಹಿಂದೆ ಇದು ರಾಗಿ ಹೊಲಗಳ ಹಳ್ಳಿ. 1975ರಲ್ಲಿ ಹಿಮಾಲಯ ಔಷಧ ಕಂಪನಿಯ ಕಾರ್ಖಾನೆ ಇಲ್ಲಿಗೆ ಬಂತು. ಪೀಣ್ಯ ಬೆಳೆದಂತೆ ಅದರ ಕೆಲಸಗಾರರ ಮನೆಗಳು ಈ ಹೆದ್ದಾರಿಯ ಉದ್ದಕ್ಕೂ ಬೆಳೆದವು. 2024ರ ನವೆಂಬರ್ 7ರಂದು ನಮ್ಮ ಮೆಟ್ರೋ ಮಾದಾವರದವರೆಗೆ ಬಂದು, ನಗರ ಇನ್ನಷ್ಟು ಹತ್ತಿರವಾಯಿತು.

ಇಂಥ ಊರಿನ ತರಗತಿಯಲ್ಲಿ ಯಾರು ಯಾರು ಕೂತಿರುತ್ತಾರೆ? ಇಲ್ಲಿಯೇ ಹುಟ್ಟಿ ಬೆಳೆದ ರೈತರ ಮಕ್ಕಳು ಇರುತ್ತಾರೆ. ಕೆಲಸ ಹುಡುಕಿಕೊಂಡು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು ಇರುತ್ತಾರೆ. ಮನೆಯಲ್ಲಿ ತೆಲುಗನ್ನೋ ಹಿಂದಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ನಮ್ಮವರೇ ಆಗಿಬಿಟ್ಟ ಮಕ್ಕಳೂ ಇರುತ್ತಾರೆ. ಅಪ್ಪ ಲೇತ್ ಮೆಷಿನ್ ಮುಂದೆ, ಅಮ್ಮ ಗಾರ್ಮೆಂಟ್ಸ್‌ನಲ್ಲಿ. ಬಾಡಿಗೆ ವಠಾರದಲ್ಲಿ ಒಂದು ಕೋಣೆ. ಕಾರ್ಖಾನೆಯಲ್ಲಿ ಕೆಲಸವಿದ್ದರೆ ಮಗು ಶಾಲೆಯಲ್ಲಿ; ಕೆಲಸ ಹೋದರೆ ಮಗುವಿನ ಶಾಲೆಯೂ ಅಲ್ಲಾಡುತ್ತದೆ.

ನಾನು ಹೇಳಬೇಕೆಂದಿರುವುದು 2019ರ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರಿ, 2022ರಲ್ಲಿ ಎಸ್.ಎಸ್.ಎಲ್.ಸಿ. ಬರೆದ ಮಕ್ಕಳ ಕಥೆ. ಅವರ ಪ್ರೌಢಶಾಲೆಯ ವರ್ಷಗಳು ಬೇರೆ ಯಾರ ವರ್ಷಗಳಂತೆಯೂ ಇರಲಿಲ್ಲ. ಎಂಟನೆಯ ತರಗತಿ ಮುಗಿಯುವ ಮೊದಲೇ, 2020ರ ಮಾರ್ಚ್‌ನಲ್ಲಿ, ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದವು. ವಾರ್ಷಿಕ ಪರೀಕ್ಷೆಯಿಲ್ಲದೆ ಅವರು ಒಂಬತ್ತಕ್ಕೆ ತೇರ್ಗಡೆಯಾದರು. ಆ ವರ್ಷದ ಜುಲೈನಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಹೆಸರಿನಲ್ಲಿ ಪ್ರೌಢಶಾಲೆಯ ಪಾಠಗಳು ಪ್ರಸಾರವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟರುಗಳು ಮಕ್ಕಳಿದ್ದ ಕಡೆಗೇ ಹೋಗಿ, ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂಬತ್ತನೆಯ ತರಗತಿಯ ಬಾಗಿಲು ತೆರೆದದ್ದು 2021ರ ಫೆಬ್ರವರಿ 1ರಂದು. ಎರಡನೆಯ ಅಲೆ ಬಂದು ಮತ್ತೆ ಮುಚ್ಚಿತು. ಹತ್ತನೆಯ ತರಗತಿಗೆ ಮಕ್ಕಳು ಬಂದು ಕೂತದ್ದು 2021ರ ಆಗಸ್ಟ್ 23ರಂದು. 2022ರ ಮಾರ್ಚ್ 28ಕ್ಕೆ ಪರೀಕ್ಷೆ ಆರಂಭ.

ಆ ಫೆಬ್ರವರಿಯ ಬೆಳಿಗ್ಗೆ ನಾನು ಹಾಜರಿ ಕರೆದೆ. ಸುಮಾರು ಒಂದು ವರ್ಷದ ಮೇಲೆ ಆ ಹೆಸರುಗಳನ್ನು ಬಾಯಿತುಂಬ ಹೇಳುವ ಸಂತೋಷ ನನ್ನದು. ಒಂದು ಹೆಸರಿಗೆ ಉತ್ತರ ಬರಲಿಲ್ಲ. “ಊರಿಗೆ ಹೋಗವ್ನೆ ಸಾರ್” ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ. ಇನ್ನೊಂದು ಹೆಸರಿಗೂ ಉತ್ತರವಿಲ್ಲ. “ಅವಳೂ ಊರಿಗೆ ಹೋದ್ಲು ಸಾರ್” ಎಂದರು. ಆ ವರ್ಷ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿದ್ದು ನಿಜ. ನಾನು ನಂಬಿದೆ. ಹಾಜರಿ ಪುಸ್ತಕದಲ್ಲಿ ಆ ಎರಡು ಹೆಸರುಗಳ ಮುಂದೆ ಗೈರು ಹಾಕುತ್ತಾ ಹೋದೆ.

ಹತ್ತನೆಯ ತರಗತಿ ಆರಂಭವಾದ ಕೆಲವು ದಿನಗಳಲ್ಲಿ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. “ಸಾರ್, ಅವ್ನು ಊರಿಗೆ ಹೋಗಿಲ್ಲ. ಇಲ್ಲೇ ಅವ್ನೆ. ರಟ್ಟಿನ ಡಬ್ಬ ಮಾಡೋ ಗೋಡೌನ್‌ಗೆ ಹೋಗ್ತಾನೆ” ಎಂದ. ಸಂಜೆ ಅವನನ್ನೇ ಕರೆದುಕೊಂಡು ಹೋದೆ. ಶಾಲೆಯಿಂದ ಹತ್ತು ನಿಮಿಷದ ನಡಿಗೆ. ಅದೇ ವಠಾರ, ಅದೇ ಮನೆ. ಲಾಕ್‌ಡೌನ್‌ನಲ್ಲಿ ತಂದೆಯ ಕೆಲಸ ಹೋಗಿತ್ತು. ಮನೆಯಲ್ಲಿದ್ದ ಒಂದೇ ಫೋನು ತಂದೆಯ ಕೈಯಲ್ಲಿ. ಟಿ.ವಿ. ಕೆಟ್ಟು ಮೂಲೆ ಸೇರಿತ್ತು. ಹುಡುಗ ಮೊದಮೊದಲು ನಾಲ್ಕು ದಿನಕ್ಕೆಂದು ಕೆಲಸಕ್ಕೆ ಹೋದವನು ಅಲ್ಲಿಯೇ ಉಳಿದುಬಿಟ್ಟಿದ್ದ. ಅವನ ತಾಯಿ ಹೇಳಿದ ಮಾತು ನನಗೆ ಇಂದಿಗೂ ಮರೆತಿಲ್ಲ. “ಯಾರಾದ್ರೂ ಬಂದು ಒಂದ್ ಮಾತು ಕೇಳಿದ್ರೆ ಕಳಿಸ್ತಿದ್ವಲ್ಲ ಸಾರ್. ಯಾರೂ ಬರ್ಲಿಲ್ಲ.”

ಆರು ತಿಂಗಳ ಹಿಂದೆಯೇ ಹೋಗಬೇಕಾಗಿದ್ದವನು ನಾನು. ತಪ್ಪು ನನ್ನದೇ.

ಆ ಹುಡುಗ ವಾಪಸು ಬಂದ. ಅವನ ಹೆಸರು ಇನ್ನೂ ದಾಖಲೆಯಲ್ಲಿತ್ತು. ಗೆಳೆಯರು ತಮ್ಮ ನೋಟ್ಸ್ ಕೊಟ್ಟರು. ಇಬ್ಬರು ಸಂಜೆ ಹೊತ್ತು ಅವನ ಜೊತೆ ಕೂತು ಲೆಕ್ಕ ಮಾಡಿಸಿದರು. ಮಾರ್ಚ್ ಪರೀಕ್ಷೆಯಲ್ಲಿ ಅವನು ಗಣಿತದಲ್ಲಿ ಅನುತ್ತೀರ್ಣನಾದ. ಪೂರಕ ಪರೀಕ್ಷೆಯಲ್ಲಿ ಪಾಸಾಗಿ ಐ.ಟಿ.ಐ. ಸೇರಿದ. ಆದರೆ ಆ ಹುಡುಗಿ ಬರಲಿಲ್ಲ. ಅವಳು ನಿಜವಾಗಿಯೂ ಊರಿಗೆ ಹೋಗಿದ್ದಳು. ಅಲ್ಲಿ ಅವಳಿಗೆ ಮದುವೆ ಮಾಡಿಬಿಟ್ಟರೆಂಬ ಸುದ್ದಿ ನಮಗೆ ಬಂದದ್ದು ತೀರ ತಡವಾಗಿ. ಅವಳ ಆಪ್ತ ಗೆಳತಿಗೆ ಮೊದಲೇ ವಿಷಯ ಗೊತ್ತಿತ್ತು. ಹೇಳಿದರೆ ಏನಾಗುತ್ತದೋ ಎಂದು ಹೆದರಿ ಸುಮ್ಮನಿದ್ದಳು. ಆ ಗೆಳತಿಯನ್ನು ನಾನು ದೂರಲಾರೆ. ಹೇಳಬಹುದು, ಹೇಳಬೇಕು ಎಂದು ನಾವು ಯಾರೂ ಅವಳಿಗೆ ಕಲಿಸಿರಲಿಲ್ಲ.

ಮಿತ್ರರೇ, ಕೊರೋನಾ ಮುಗಿಯಿತು, ಇನ್ನು ಇಂಥದ್ದು ನಡೆಯುವುದಿಲ್ಲ ಎಂದು ನೀವು ಅಂದುಕೊಳ್ಳಬಹುದು. ಹಾಗಲ್ಲ. ಒಂದು ಸಂಗತಿಯನ್ನು ಗಮನಿಸಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಅಂದರೆ ಎಂಟನೆಯ ತರಗತಿಯವರೆಗೆ, ಉಚಿತ ಮತ್ತು ಕಡ್ಡಾಯ ಶಿಕ್ಷಣದ ಭರವಸೆ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಎಂದರೆ ಎಂಟು, ಒಂಬತ್ತು, ಹತ್ತು. ಹೀಗಾಗಿ ಮೊದಲನೆಯ ವರ್ಷ ಆ ಕಾಯಿದೆಯ ಆಸರೆಯ ಒಳಗೆ, ಉಳಿದ ಎರಡು ವರ್ಷ ಅದರ ಹೊರಗೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯೂ ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕಿಡುವುದನ್ನು ನಿಷೇಧಿಸುತ್ತದೆ. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯಕಾರಿ ಕೆಲಸಗಳಿಗೆ ಸೇರಿಸುವುದನ್ನು ಮಾತ್ರ ತಡೆಯುತ್ತದೆ. ಅಂದರೆ ಮನೆಗೆ ಕಷ್ಟ ಬಂದಾಗ ಮೊದಲು ಜಾರುವುದು ಒಂಬತ್ತನೆಯ ತರಗತಿಯ ಮಗು. ಆ ಮಗುವನ್ನು ಹಿಡಿದು ನಿಲ್ಲಿಸುವುದು ತಂದೆತಾಯಿಯರ, ಮೇಷ್ಟರುಗಳ, ಪಕ್ಕದಲ್ಲಿ ಕೂತ ಗೆಳೆಯರ ಕೆಲಸವಾಗುತ್ತದೆ. ಇವರಲ್ಲಿ ಎಲ್ಲರಿಗಿಂತ ಮೊದಲು ನಿಜ ಗೊತ್ತಾಗುವುದು ಯಾರಿಗೆ? ಗೆಳೆಯರಿಗೆ.

ಆದ್ದರಿಂದ ಹತ್ತನೆಯ ತರಗತಿ ಮುಗಿಸುವ ನಿಮಗೆ ಒಂದು ಕೆಲಸ ಹೇಳುತ್ತೇನೆ. ಗ್ರೂಪ್ ಫೋಟೋ ಕೈಗೆ ಬಂದ ದಿನ, ನಿಮ್ಮ ಎಂಟನೆಯ ತರಗತಿಯ ಹಾಜರಿಯನ್ನು ನೆನಪಿಸಿಕೊಳ್ಳಿ. ಮೊದಲನೆಯ ಹೆಸರಿನಿಂದ ಕೊನೆಯ ಹೆಸರಿನವರೆಗೆ ಒಂದು ಕಾಗದದಲ್ಲಿ ಬರೆಯಿರಿ. ಫೋಟೋದಲ್ಲಿ ಇಲ್ಲದವರು ಯಾರು? ವರ್ಗಾವಣೆ ಪತ್ರ ತೆಗೆದುಕೊಂಡು ಬೇರೆ ಶಾಲೆಗೆ ಸೇರಿದವರ ಬಗ್ಗೆ ಚಿಂತೆಯಿಲ್ಲ. ಉಳಿದವರ ಮನೆಗೆ ಇಬ್ಬರು ಮೂವರು ಸೇರಿ ಹೋಗಿ ಬನ್ನಿ. ಬುದ್ಧಿ ಹೇಳಲು ಹೋಗಬೇಡಿ. “ಹೇಗಿದ್ದೀಯ? ಪರೀಕ್ಷೆ ಕಟ್ಟೋಣ ಅಂತ ಇದೆಯಾ?” ಎಂದು ಕೇಳಿದರೆ ಸಾಕು.

ದಾರಿಗಳು ಇವೆ. ಶಾಲೆ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಬರೆಯಬಹುದು, ನಿಯಮಗಳನ್ನು ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಲ್ಲಿ ಕೇಳಿ ತಿಳಿಯಬೇಕು. ಅನುತ್ತೀರ್ಣರಾದವರಿಗೆ 2024ರಿಂದ ವಾರ್ಷಿಕ ಮತ್ತು ಪೂರಕ ಎಂಬ ಭೇದ ಹೋಗಿ, ಪರೀಕ್ಷೆ-1, ಪರೀಕ್ಷೆ-2 ಎಂಬ ಹೆಸರಿನಲ್ಲಿ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷ ತುಂಬಿದವರು ಸೆಕೆಂಡರಿ ಹಂತಕ್ಕೆ ಸೇರಬಹುದು. ವೆಲ್ಡರ್‌ನಂಥ ಕೆಲವು ಐ.ಟಿ.ಐ. ವೃತ್ತಿಗಳಿಗೆ ಎಂಟನೆಯ ತರಗತಿ ಪಾಸಾದವರೂ ಅರ್ಜಿ ಹಾಕಬಹುದು. ಪೀಣ್ಯದಂಥ ಪ್ರದೇಶದ ಮಗ್ಗುಲಲ್ಲಿ ಇರುವವರಿಗೆ ಇದು ಸಣ್ಣ ಮಾತಲ್ಲ. ಕಲಿಯದೆ ಸೇರಿದವನು ಡಬ್ಬ ಹೊರುತ್ತಾನೆ. ಕಲಿತು ಸೇರಿದವನ ಕೈಗೆ ಮೆಷಿನ್ ಸಿಗುತ್ತದೆ.

ಎಂಟು, ಒಂಬತ್ತರಲ್ಲಿ ಓದುತ್ತಿರುವ ಕಿರಿಯರಿಗೂ ಒಂದು ಮಾತು. ನಿಮ್ಮ ಪಕ್ಕದ ಜಾಗ ಒಂದು ವಾರ ಖಾಲಿಯಿದ್ದರೆ ಮೇಷ್ಟರಿಗೆ ಹೇಳಿ. ಅದು ಚಾಡಿಯಲ್ಲ. ಗೆಳತಿಗೆ ಮದುವೆ ಗೊತ್ತಾಗಿದೆ ಎಂದು ತಿಳಿದರೆ ಸುಮ್ಮನಿರಬೇಡಿ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯ ಪ್ರಕಾರ ಅಪರಾಧ. ಹೇಳಲು ಯಾರೂ ಸಿಗದಿದ್ದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ.

2022ರ ಆ ತರಗತಿಯ ಫೋಟೋ ನನ್ನ ಬಳಿ ಇದೆ. ಹಿಂದಿನ ಸಾಲಿನಲ್ಲಿ ಗೋಡೌನ್‌ನಿಂದ ಬಂದ ಹುಡುಗ ನಿಂತಿದ್ದಾನೆ, ಅವನ ಹೆಗಲ ಮೇಲೆ ಕೈಹಾಕಿಕೊಂಡು, ಸ್ಟಾಫ್ ರೂಮಿನ ಬಾಗಿಲಿಗೆ ಬಂದಿದ್ದ ಆ ಇನ್ನೊಬ್ಬ. ಹುಡುಗಿಯರ ಸಾಲಿನಲ್ಲಿ ಒಬ್ಬಳು ಇಲ್ಲ. ಫೋಟೋ ನೋಡಿದಾಗಲೆಲ್ಲ ನಾನು ಆ ಎರಡೂ ಹೆಸರುಗಳನ್ನು ಕರೆಯುತ್ತೇನೆ.

ನೀವು ನಿಮ್ಮ ಫೋಟೋ ನೋಡುವಾಗ ಕರೆದ ಹೆಸರುಗಳಿಗೆಲ್ಲ ಉತ್ತರ ಬರುವಂತಾಗಲಿ.